ಉಗ್ರಾಣದಲ್ಲಿ ವಿದೇಶವಾಸ

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಇಂಗ್ಲಿಷ್ ಮೇಷ್ಟ್ರು ಸೀನಿದರು. ಬೇರೆ ಯಾರಾದರೂ ಆಗಿದ್ದರೆ ಮೂಗೊರೆಸಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಬೀದಿಯ ಲೆಕ್ಕದಲ್ಲಿ ಮೇಷ್ಟ್ರು ಮೂರು ವಾರದಿಂದ ವಿದೇಶದಲ್ಲಿದ್ದರು. ಸೀನು ಮಾತ್ರ ಅವರದೇ ಮನೆಯ ಉಗ್ರಾಣದಿಂದ, ಹಳೆಯ ಹಾಸಿಗೆಗಳ ನಡುವಿನಿಂದ ಹೊರಟಿತ್ತು.

ಎಲ್ಲಕ್ಕೂ ಮೂಲ ಅವಸರ. ಸಮುದ್ರದಾಚೆಯ ಶಾಲೆಯೊಂದು ಇಂಗ್ಲಿಷ್ ಕಲಿಸಲು ಅವರನ್ನು ಕರೆದಿತ್ತು. 'ಶಾಲಾ ವರ್ಷದ ಮೊದಲ ದಿನ ಹಾಜರಾಗಿ' ಎಂದು ಪತ್ರ. ಶಾಲಾ ವರ್ಷವೆಂದರೆ ಹುಣ್ಣಿಮೆ ಇದ್ದ ಹಾಗೆ, ಲೋಕಕ್ಕೆಲ್ಲ ಒಂದೇ ದಿನ ಎಂದು ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದ್ದ ಮೇಷ್ಟ್ರು ನಂಬಿದ್ದರು. ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆ ಸಭೆಯಲ್ಲಿ ಹೆಡ್‌ಮಾಸ್ಟರು ಮುಕ್ಕಾಲು ಗಂಟೆ ಹೊಗಳಿದರು, ಡ್ರಿಲ್ ಮೇಷ್ಟ್ರು ಬಿಕ್ಕಿಬಿಕ್ಕಿ ಅತ್ತರು, ಉಳಿದವರು ಚಂದಾ ಎತ್ತಿ ಸೂಟ್‌ಕೇಸ್ ಕೊಟ್ಟರು. ಇಷ್ಟಾದ ಮೇಲೆ, 'ವೀಸಾ ಕಾಗದ ಇನ್ನೂ ಬಂದಿಲ್ಲವಲ್ಲ?' ಎಂದು ಬರೆದು ಕೇಳಿದ್ದಕ್ಕೆ ಆ ಕಡೆಯಿಂದ ಉತ್ತರ ಬಂತು: 'ಅವಸರವೇನಿದೆ? ನಮ್ಮಲ್ಲಿ ವರ್ಷ ಶುರುವಾಗುವುದು ಇನ್ನು ಮೂರು ತಿಂಗಳಿಗೆ.'

ಸೂಟ್‌ಕೇಸನ್ನಾದರೂ ಹಿಂದಿರುಗಿಸಬಹುದು. ಡ್ರಿಲ್ ಮೇಷ್ಟ್ರ ಕಣ್ಣೀರನ್ನು ಹಿಂದಿರುಗಿಸುವುದು ಹೇಗೆ? ನಾಚಿಕೆಯಿಂದ ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ. ಹೇಳಿದ್ದ ದಿನ, ಹೇಳಿದ್ದ ಹೊತ್ತಿಗೆ, ಬೀದಿಗೆ ಬೀದಿಯೇ ಕೈಬೀಸುತ್ತಿರುವಾಗ ಟ್ಯಾಕ್ಸಿ ಹತ್ತಿದರು. ಊರೆಲ್ಲ ಸುತ್ತಿ, ಹಿಂದಿನ ಓಣಿಯಲ್ಲಿ ಇಳಿದು, ಅಡುಗೆಮನೆ ಬಾಗಿಲಿಂದ ಒಳಗೆ ಬಂದರು. ಅಂದಿನಿಂದ ಉಗ್ರಾಣವೇ ವಿದೇಶ.

ಸೀನಿ ಎರಡು ನಿಮಿಷ ಆಗಿರಲಿಲ್ಲ, ಸಕ್ಕರೆಯ ನೆಪ ಹಿಡಿದು ಪಕ್ಕದ ಮನೆಯಾಕೆ ಬಂದರು. ಮದುವೆ ನಿಶ್ಚಯವಾದದ್ದು ಮದುಮಗನಿಗಿಂತ ಮೊದಲು ಇವರಿಗೆ ತಿಳಿಯುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ವಾರ್ತಕ್ಕ.

"ಏನಮ್ಮಾ, ಒಳಗೆ ಯಾರೋ ಗಂಡಸು ಸೀನಿದ ಹಾಗಾಯ್ತು?"

"ನಾನೇ ಅಕ್ಕಾ," ಎಂದರು ಮೇಷ್ಟ್ರ ಹೆಂಡತಿ.

"ನೀನು ಸೀನಿದ್ರೆ ಬೆಕ್ಕಿನಮರಿ ಸೀನಿದ ಹಾಗಿರುತ್ತೆ. ಇದು ಲಾರಿ ಟೈರು ಒಡೆದ ಹಾಗಿತ್ತು."

"ಹಾಗಾದ್ರೆ ಟಿವಿ ಇರ್ಬೇಕು."

"ಕರೆಂಟು ಹೋಗಿ ಒಂದು ಗಂಟೆ ಆಯ್ತಲ್ಲೇ!"

ಅಷ್ಟರಲ್ಲಿ ಇನ್ನೊಂದು ಟೈರು ಒಡೆಯಿತು. ವಾರ್ತಕ್ಕ ಉಗ್ರಾಣದ ಬಾಗಿಲನ್ನೊಮ್ಮೆ, ಮೇಷ್ಟ್ರ ಹೆಂಡತಿಯ ಮುಖವನ್ನೊಮ್ಮೆ ನೋಡಿದರು. "ಪಾಪ, ಗಂಡ ದೇಶ ಬಿಟ್ಟು ಮೂರೇ ವಾರ," ಎಂದು ನಿಟ್ಟುಸಿರಿಟ್ಟರು. ಆ ನಿಟ್ಟುಸಿರಿನಲ್ಲಿ ಹಬ್ಬದೂಟಕ್ಕೆ ಎಲೆ ಹಾಕಿದಷ್ಟು ಸಂಭ್ರಮವಿತ್ತು. ಸಕ್ಕರೆ ಬಟ್ಟಲನ್ನು ಅಲ್ಲೇ ಕುಕ್ಕಿ, ಎದುರುಮನೆಯ ಹೆಡ್‌ಮಾಸ್ಟರನ್ನು ಕರೆತರಲು ಓಡಿದರು.

"ರೀ, ಈಗಲಾದ್ರೂ ಹೊರಗೆ ಬನ್ನಿ," ಎಂದು ಹೆಂಡತಿ ಬಾಗಿಲ ಸಂದಿಗೆ ಬಾಯಿಟ್ಟು ಬೇಡಿದರು. "ಜನ ನನ್ನನ್ನ ಏನಂದ್ಕೊಳ್ತಾರೆ?"

"ಹೆಡ್‌ಮಾಸ್ಟರಿಗೆ ಯಾವ ಮುಖ ತೋರಿಸ್ಲೇ?" ಎಂದಿತು ಉಗ್ರಾಣ.

ಹೆಡ್‌ಮಾಸ್ಟರು ಕೊಡೆಯನ್ನು ಕತ್ತಿಯಂತೆ ಹಿಡಿದು ಬಂದರು. "ಕಳ್ಳನಾದ್ರೆ ಹಿಡಿಯೋಣ. ಕಳ್ಳ ಅಲ್ಲದೇ ಇದ್ರೆ..." ಎಂದು ಕೆಮ್ಮಿದರು. "ಮೊದಲು ಮೇಷ್ಟ್ರ ಕಿವಿಗೆ ಹಾಕೋದು ನಮ್ಮ ಧರ್ಮ."

"ಬೇಡ ಸರ್! ಅಲ್ಲೀಗ ಮಲಗಿರ್ತಾರೆ."

ನಂಬರು ಒತ್ತಿಯಾಗಿತ್ತು. ಉಗ್ರಾಣದ ಖಾಲಿ ಡಬ್ಬದ ಮೇಲಿದ್ದ ಫೋನು ಜೀರುಂಡೆಯಂತೆ ಗುರ್ರೆಂದಿತು. ಹೆಡ್‌ಮಾಸ್ಟರ ಹೆಸರು ಕಂಡರೆ ಎದ್ದು ನಿಲ್ಲುವ ಹಳೆಯ ಅಭ್ಯಾಸ. ಮೇಷ್ಟ್ರು ಎದ್ದು ನಿಂತೇ ಫೋನು ಎತ್ತಿದರು.

"ನಮಸ್ಕಾರ ಸರ್! ಚೆನ್ನಾಗಿದೀನಿ. ವಿಪರೀತ ಚಳಿ ಇಲ್ಲಿ. ಪಾಠ ಮಾಡ್ತಿದ್ದೆ."

"ಮಲಗಿರ್ತೀರಿ ಅಂದ್ರು ನಿಮ್ಮ ಮನೆಯವರು?"

"ಮಲಗಿದ್ದೆ ಸರ್. ಎದ್ದು ಪಾಠ ಮಾಡ್ತಿದ್ದೆ."

ಹೆಡ್‌ಮಾಸ್ಟರು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರು. ಮಾತು ಒಂದಿಷ್ಟೂ ತಗ್ಗಲಿಲ್ಲ.

"ಎಂಥಾ ಲೈನು ಸರ್! ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿದೆ," ಎಂದು ವಾರ್ತಕ್ಕ ಬೆರಗಾದರು.

"ಮೇಷ್ಟ್ರೇ, ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದರು ಹೆಡ್‌ಮಾಸ್ಟರು. "ನಿಮ್ಮ ಉಗ್ರಾಣದಲ್ಲಿ ಯಾರೋ ಗಂಡಸಿದಾನೆ."

ಮೇಷ್ಟ್ರು ಸಂದಿಯಿಂದ ನೋಡಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ತನ್ನ ಮಾನ ಉಳಿಸಿಕೊಳ್ಳಲು ಅವಳ ಮಾನವನ್ನು ಬೀದಿಗಿಟ್ಟಂತಾಯಿತಲ್ಲ ಎಂದು ಅವರಿಗೆ ಆಗ ಹೊಳೆಯಿತು.

"ಗೊತ್ತು ಸರ್," ಎಂದು ಫೋನಿನಲ್ಲೇ ಹೇಳಿ, ಬಾಗಿಲು ತೆರೆದು ಹೊರಬಂದರು. ತಲೆಯ ಮೇಲೆ ಜೇಡರಬಲೆ, ಕಿವಿಯಲ್ಲಿ ಇನ್ನೂ ಫೋನು.

ಹೋಂವರ್ಕ್ ಬರೆಯದ ಹುಡುಗನಂತೆ ನೆಲ ನೋಡುತ್ತ ಎಲ್ಲವನ್ನೂ ಒಪ್ಪಿಸಿದರು. ವಾರ್ತಕ್ಕನಿಗೆ ಬಡಿಸಿದ ಎಲೆಯನ್ನೇ ಎಳೆದುಕೊಂಡಂತಾಯಿತು. "ಇಷ್ಟೇನಾ?" ಎಂದು ಕೇಳಿಯೇಬಿಟ್ಟರು.

ಹೆಡ್‌ಮಾಸ್ಟರು ಮಾತ್ರ ಬೈಯಲಿಲ್ಲ. ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. "ಮೂರು ತಿಂಗಳು ತಾನೆ? ಇದಕ್ಕೆ ಇಲಿಯ ಹಾಗೆ ಬಿಲ ಸೇರೋದೇ? ತಲೆಯೆತ್ತಿ ಓಡಾಡಿ." ಮೇಷ್ಟ್ರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹೆಡ್‌ಮಾಸ್ಟರು ಏನೋ ನೆನಪಾಗಿ ಹೆಗಲ ಮೇಲಿದ್ದ ಕೈ ತೆಗೆದರು.

"ಆದ್ರೆ ಮೇಷ್ಟ್ರೇ, ಮೊನ್ನೆ ಆ ದೇಶದ ಒಂದು ಶಾಲೆಯಿಂದ ಫೋನು ಬಂದಿತ್ತು. ನಿಮ್ಮ ನಡತೆ ಹೇಗೆ ಅಂತ ಕೇಳಿದ್ರು. ಅಪರಂಜಿ ಅಂದೆ. ಈಗ ಎಲ್ಲಿದಾರೆ ಅಂದ್ರು. ನಿಮ್ಮ ದೇಶದಲ್ಲೇ, ಕೆಲಸಕ್ಕೆ ಸೇರಿ ಮೂರು ವಾರ ಆಯ್ತು ಅಂದೆ. ಹಾಗಾದ್ರೆ ನಾವು ಬೇರೆಯವರನ್ನ ನೋಡ್ಕೊಳ್ತೀವಿ ಅಂದ್ರು. ಯಾರೋ ನಿಮ್ಮನ್ನ ಎಳ್ಕೊಳ್ಳೋಕೆ ನೋಡ್ತಿದಾರೆ ಅಂದ್ಕೊಂಡೆ. ಧಾರಾಳವಾಗಿ ನೋಡ್ಕೊಳ್ಳಿ, ಅವರು ಈಗಿರೋ ಜಾಗ ಬಿಟ್ಟು ಬರೋರಲ್ಲ ಅಂತ ಒತ್ತಿ ಒತ್ತಿ ಹೇಳ್ಬಿಟ್ಟೆ."

ಮೇಷ್ಟ್ರು ಫೋನು ತೆರೆದು ನೋಡಿದರು. ಓದದೆ ಬಿದ್ದಿದ್ದ ಪತ್ರವೊಂದಿತ್ತು. 'ಹೊಸ ಶಾಲೆ ಸೇರಿದ್ದಕ್ಕೆ ಅಭಿನಂದನೆ. ನಿಮಗಾಗಿ ಇಟ್ಟಿದ್ದ ಹುದ್ದೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇವೆ.'

ಹೆಂಡತಿ ಇಣುಕಿ ಅದನ್ನು ಓದಿ, ಹೆಡ್‌ಮಾಸ್ಟರನ್ನು ಕೇಳಿದರು. "ಸರ್, ನಿಮ್ಮ ಶಾಲೇಲಿ ಇವರ ಹಳೇ ಜಾಗ ಖಾಲಿ ಇದೆಯಾ?"

ಹೆಡ್‌ಮಾಸ್ಟರು ಮೇಷ್ಟ್ರ ಮುಖ ನೋಡಲಾರದೆ ಬಾಗಿಲ ಕಡೆ ತಿರುಗಿದರು.

"ಇತ್ತಮ್ಮಾ. ನಿನ್ನೆ ಸಂಜೆವರೆಗೂ ಇತ್ತು."