ಸತ್ತ ಮೇಲೆ ಇಡೋ ಫೋಟೋ

ಗುಮ್‌ರೇ: ಮೂಗಿನ ಪಕ್ಕದ ನರಹುಲಿ ಅಳಿಸಿಬಿಡಿ ಅಂತೀರಲ್ಲ, ನಾಳೆ ತಿಥಿ ದಿನ ಈ ಫೋಟೋ ಮುಂದೆ ಎಡೆ ಇಟ್ಟು ಕರೆದ್ರೆ ಯಾವನು ಬಂದು ಉಣ್ತಾನೆ? ನೀವಂತೂ ಅಲ್ಲ.

ಮನ್‌ಬೊಕ್: ಉಣ್ಣೋನು ನಾನೇ. ಒಂಚೂರು ಚೆಂದವಾಗಿ ಉಂಡ್ರೆ ನಿಂಗೇನು ನಷ್ಟ?

ಮೊಕ್ಪೊ ಬಂದರಿನ ಹಿಂದಿನ ಬೀದಿಯ ಸ್ಟುಡಿಯೋದಲ್ಲಿ ಮಾ ದೋಸಿಕ್ ಕ್ಯಾಮೆರಾ ಹಿಡಿದು ಕಾದು ನಿಂತಿದ್ದ. ಹೆಣದ ಮುಂದೆ ಇಡುವ ಫೋಟೋವನ್ನು ಬದುಕಿದ್ದಾಗಲೇ ತೆಗೆಸಿಡಲು ಊರಿನ ಮುದುಕರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಬಂದವರು ಆಗಲೇ ಸತ್ತವರಂತೆ ಕೂತುಬಿಡುತ್ತಾರೆ ಎಂಬುದೇ ಅವನ ದೂರು. ದೋಣಿಯಿಂದ ನೆಟ್ಟಗೆ ಬಂದು, ಸ್ಟುಡಿಯೋದ ಕೋಟು, ಟೈ ಏರಿಸಿ ಕೂತಿದ್ದ ಗುಮ್‌ರೇಯ ಗಂಡ, ಮೀನುಗಾರ ಮನ್‌ಬೊಕ್ ಅವರೆಲ್ಲರಿಗಿಂತ ಒಂದು ಕೈ ಮೇಲು.

ದೋಸಿಕ್: ಯಜಮಾನ್ರೇ, ಸ್ವಲ್ಪ ಉಸಿರಾಡಿ.

ಮನ್‌ಬೊಕ್: ಆಡ್ತಾ ಇದೀನಿ.

ಗುಮ್‌ರೇ: ಮನೇಲೂ ಹಿಂಗೇ. ಜೀವ ಇದೆಯೋ ಇಲ್ಲವೋ ಅಂತ ಗೊತ್ತಾಗೋದು ಊಟಕ್ಕೆ ಕರೆದಾಗ.

ದೋಸಿಕ್: ಒಂದು ಸಣ್ಣ ನಗು ಬರ್ಲಿ.

ಮನ್‌ಬೊಕ್: ಸತ್ತೋನು ಹಲ್ಲು ಕಿರೀತಾ ಕೂತ್ರೆ ಬಂದ ಜನ ಏನಂದ್ಕೋತಾರೆ?

ಗುಮ್‌ರೇ: ಹೆಂಡ್ತಿ ಕೈಯಿಂದ ತಪ್ಪಿಸ್ಕೊಂಡ ಅಂದ್ಕೋತಾರೆ.

ದೋಸಿಕ್ ಕ್ಯಾಮೆರಾದ ಗುಂಡಿ ಒತ್ತಿದ. ಪರದೆಯ ಮೇಲೆ ಬಂದ ಮುಖವನ್ನು ಗುಮ್‌ರೇ ಬಗ್ಗಿ ನೋಡಿದಳು.

ಗುಮ್‌ರೇ: ಒಣಹಾಕಿದ ಮೀನಿಗೂ ಇದಕ್ಕಿಂತ ಕಳೆ ಇರುತ್ತೆ.

ದೋಸಿಕ್‌ಗೂ ಹಾಗೇ ಅನ್ನಿಸಿತ್ತು. ಗಿರಾಕಿಯ ಮುಂದೆ ಆಡುವಂತಿರಲಿಲ್ಲ.

ಮನ್‌ಬೊಕ್: ಇರ್ಲಿ, ನಂಗಿದೇ ಸಾಕು. ಈಗ ಇವಳದ್ದು ತೆಗೀರಿ. ಸದ್ದು ಬರದ ಹಾಗೆ ತೆಗೀರಿ.

ಗುಮ್‌ರೇ ಕುರ್ಚಿಯಲ್ಲಿ ಕೂತಳು. ಇಷ್ಟು ಹೊತ್ತು ಗಂಡನನ್ನು ಹುರಿದು ಮುಕ್ಕಿದ ಬಾಯಿ ಹೊಲಿದಂತೆ ಮುಚ್ಚಿಕೊಂಡಿತು. ಗದ್ದ ಮೇಲೇರಿತು.

ದೋಸಿಕ್: ಅಮ್ಮಾವ್ರೇ, ನೀವೂ ಒಣಮೀನಿನ ಸಾಲಿಗೇ ಸೇರಿದ್ರಿ.

ಗುಮ್‌ರೇ: ನಂಗೆ ನಗು ಬರಲ್ಲ. ಇವ್ರ ಜೊತೆ ಬಾಳಿ ನಕ್ಕೋರು ಯಾರಾದ್ರೂ ಇದ್ರೆ ಕರೆಸಿ, ನೋಡಿ ಕಲೀತೀನಿ.

ದೋಸಿಕ್: ಯಜಮಾನ್ರೇ, ಬಂದು ನನ್ನ ಪಕ್ಕ ನಿಂತ್ಕೊಳ್ಳಿ. ಬೈಯೋಕೆ ಎದುರಿಗೆ ಆಳಿಲ್ಲದೆ ಇವ್ರ ಮುಖಕ್ಕೆ ಜೀವ ಬರ್ತಿಲ್ಲ.

ಮನ್‌ಬೊಕ್ ಬಂದು, ಎದೆಯುಬ್ಬಿಸಿ, ಟೈ ನೀವಿಕೊಂಡು ನಿಂತ. ಅವನು ಕೂತಿದ್ದಾಗ ಅವಳು ಮುಖವನ್ನಷ್ಟೇ ಜರೆದಿದ್ದಳು. ಈಗ ಆಳು ಪೂರ್ತಿ ಕಂಡ. ಸೊಂಟದ ಮೇಲೆ ಕರಿ ಕೋಟು. ಕೆಳಗೆ ಮೀನಿನ ಹುರುಪೆ ಮೆತ್ತಿದ ಹಳದಿ ರಬ್ಬರ್ ಪ್ಯಾಂಟು.

ಗುಮ್‌ರೇ: ಅಯ್ಯೋ, ಮೇಲೆ ನೋಡಿದ್ರೆ ಮದುವೆ ಗಂಡು, ಕೆಳಗೆ...

ಮಾತು ಮುಗಿಯಲಿಲ್ಲ. ನಗು ಹೊಟ್ಟೆಯಿಂದ ಎದ್ದು ಭುಜ ಕುಲುಕಿಸಿತು, ಕಣ್ಣಲ್ಲಿ ನೀರಾಡಿತು. ಎದುರಿಗೊಂದು ಕ್ಯಾಮೆರಾ ಇದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ದೋಸಿಕ್ ಕಾದದ್ದು ಈ ಗಳಿಗೆಗೇ. ಒತ್ತಿದ.

ಮನ್‌ಬೊಕ್ ಪರದೆಯ ಮುಂದೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ.

ಮನ್‌ಬೊಕ್: ಇದ್ಯಾರು?

ಗುಮ್‌ರೇ: ನಿಮ್ಮ ಹೆಂಡ್ತಿ. ಪರಿಚಯ ಇಲ್ವಾ?

ಮನ್‌ಬೊಕ್: ಮಾ ಅವ್ರೇ, ಇದನ್ನ ದೊಡ್ಡದು ಮಾಡಿಕೊಡಿ. ಊಟದ ಕೋಣೆ ಗೋಡೆಗೆ ಹಾಕ್ತೀನಿ.

ಗುಮ್‌ರೇ: ಗೋಡೆಗಾ? ತೆಗೆಸಿದ್ದು ನಾನು ಸತ್ತ ಮೇಲೆ ಇಡೋಕೆ.

ಮನ್‌ಬೊಕ್: ಅದಕ್ಕೆ ಇದನ್ನ ಕೊಡಲ್ಲ. ಬೇರೆ ತೆಗೆಸೋಣ, ಯಾವಾಗಲಾದ್ರೂ. ಈಗೇನೂ ಅವಸರ ಇಲ್ಲ.

ಗುಮ್‌ರೇ ಕಣ್ಣೊರೆಸಿಕೊಂಡು ದೋಸಿಕ್‌ನ ಕಡೆ ತಿರುಗಿದಳು.

ಗುಮ್‌ರೇ: ಕೇಳಿಸ್ಕೊಂಡ್ರಾ? ಇನ್ನು ಸಾಯೋದಕ್ಕೂ ಇವ್ರ ಅಪ್ಪಣೆ ಆಗಬೇಕಂತೆ.