ಅತ್ತೆಯ ಎರಡನೇ ಏಟು

"ಇವತ್ತು ಈ ಆಟಕ್ಕೆ ಬುದ್ಧಿ ಕಲಿಸದಿದ್ರೆ ಅರ್ಧ ಮೀಸೆ ಬೋಳಿಸ್ಕೊಳ್ತೀನಿ!" ಎಂದು ನಮ್ಮ ಎಕ್ಸ್‌ರೇ ಟೆಕ್ನಿಷಿಯನ್ ಭಾನುವಾರ ಮಧ್ಯಾಹ್ನ ಊಟದ ಮೇಜು ಗುದ್ದಿದ. ದಾಳಗಳು ಚೆಲ್ಲಾಪಿಲ್ಲಿಯಾದವು.

ಆ ಮನೆಯಲ್ಲಿ ವಾರಕ್ಕೊಮ್ಮೆ ಕಾಲ್ಪನಿಕ ವೀರರ ಆಟ; ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳವೇ ಹೇಳಬೇಕು. ಕಥೆ ಹೇಳುವವಳೂ ರಾಕ್ಷಸರನ್ನು ಛೂ ಬಿಡುವವಳೂ ಹೆಂಡತಿ. ಆತನದು ಏಳು ವರ್ಷದಿಂದ ಮಗನಂತೆ ಸಾಕಿದ ವೀರ, ಕೈಯಲ್ಲಿ ಆಳುದ್ದದ ಕತ್ತಿ. ಅತ್ತೆಯ ವೀರನಾರಿಗೆ ಕೈಗೊಂದರಂತೆ ಎರಡು ಗಿಡ್ಡ ಕತ್ತಿ. ನಿಯಮದ ಪ್ರಕಾರ ಆತನಿಗೆ ಸರದಿಗೊಂದೇ ಏಟು, ಅತ್ತೆಗೆ ಎರಡು! ಹೊಟ್ಟೆಕಿಚ್ಚಿಗೆ ಇಷ್ಟು ಸಾಲದೇ?

"ದಿನಾ ಮುರಿದ ಮೂಳೆ ನೋಡೋನು ನಾನು! ಎರಡು ಕತ್ತಿ ಬೀಸಿದ್ರೆ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ಳುತ್ತೆ, ಅಷ್ಟೇ. ನಿಜವಾದ ಯುದ್ಧ ಅಂದ್ರೆ ಉದ್ದ ಕತ್ತಿ. ಇರಿ, ತೋರಿಸ್ತೀನಿ!"

"ಬೇಡ ರೀ, ಮೇಲೆ ದೀಪ ಇದೆ" ಎಂದಳು ಹೆಂಡತಿ.

ವೀರರು ಹೆಂಡತಿಯ ಮಾತು ಕೇಳಿದ್ದುಂಟೇ! ನೆಲ ಒರೆಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಹೂಂಕರಿಸಿ ಎತ್ತಿದ. ಕೋಲು ತೂಗುದೀಪಕ್ಕೆ ಸಿಕ್ಕಿಕೊಂಡಿತು. ಎಳೆದ. ದೀಪ ಬಂತು, ಅದರ ಹಿಂದೆಯೇ ಒಂದು ಬೊಗಸೆ ಗಾರೆಯೂ ನೆತ್ತಿಯ ಮೇಲೆ ಬಂತು.

ಹೆಂಡತಿ ಗಾಜು ಗುಡಿಸಿದಳು, ಗಂಡನ ಬುಗುಟಿಗೆ ಐಸ್ ಒತ್ತಿದಳು, ತಣ್ಣಗೆ ಬಂದು ಕೂತಳು. "ಸರಿ, ನಿಮ್ಮ ಮಾತೇ ನಡೀಲಿ. ಇನ್ಮೇಲೆ ಎಲ್ಲಾ ನಿಜದ ಹಾಗೇ. ನಿಮ್ಮ ವೀರ ಗುಹೇಲಿ ಕತ್ತಿ ಎತ್ತಿದ. ಚಾವಣಿಗೆ ಸಿಕ್ಕಿಹಾಕ್ಕೊಳ್ತು."

"ಅಯ್ಯೋ, ನಿಯಮದಲ್ಲಿ ಹಾಗಿಲ್ಲ ಕಣೇ!"

"ನಿಯಮ ಬೇಡ ಅಂದೋರು ಯಾರು? ರಾಕ್ಷಸ ಗದೆ ಎತ್ತಿದಾನೆ. ಬಿತ್ತೋ, ನಿಮ್ಮ ವೀರ ಗೋವಿಂದ!"

ಏಳು ವರ್ಷ! ಗದೆ ಇಳಿಯುವ ಮೊದಲು ಉಳಿದಿದ್ದು ಅತ್ತೆಯ ಸರದಿಯೊಂದೇ. ಅತ್ತೆ ಕನ್ನಡಕ ಏರಿಸಿಕೊಂಡು ದಾಳ ಉರುಳಿಸಿದರು. ಮೊದಲ ಏಟು ತಪ್ಪಿತು.

ಅತ್ತೆ ದಾಳವನ್ನು ಮತ್ತೆ ಮುಷ್ಟಿಗೆ ತೆಗೆದುಕೊಂಡರು. "ಅಳಿಯಂದ್ರೇ, ಎರಡನೇ ಏಟು ಇದೆಯೋ ಇಲ್ವೋ? ನೀವೇ ಹೇಳ್ಬಿಡಿ."

"ಇದೆ ಅತ್ತೆ, ಇದೆ! ಬೇಕಿದ್ರೆ ಮೂರನೇದೂ ಹೊಡೀರಿ!"

ದಾಳ ಉರುಳಿತು. ಇಪ್ಪತ್ತು! ಅದಕ್ಕಿಂತ ದೊಡ್ಡದು ಆ ದಾಳದಲ್ಲೇ ಇಲ್ಲ. ರಾಕ್ಷಸ ದೊಪ್ಪನೆ ಬಿದ್ದ.

ಆತ ಬುಗುಟನ್ನೂ ಮರೆತು ಎದ್ದುಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡ. ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಿಜವಾಗಿಯೂ ಅನ್ನಿಸಿ ಕಣ್ಣು ತೇವವಾಯಿತು. "ನಿಮ್ಮ ಉಪಕಾರ ಹೇಗೆ ತೀರಿಸ್ಲಿ ಅತ್ತೆ?"

"ಅದಿರ್ಲಿ ಬಿಡಿ" ಎಂದರು ಅತ್ತೆ. "ನಿಮ್ಮ ಕತ್ತಿ ಇನ್ನೂ ಚಾವಣೀಲಿ ನೇತಾಡ್ತಿದೆ. ನನ್ನ ಹತ್ರ ಎರಡಿವೆ. ಒಂದು ಇಟ್ಕೊಳ್ಳಿ."