ಮಾವನ ಟೇಪು, ಹೆಂಡತಿಯ ಹೇರ್‌ಪಿನ್ನು

"ಇನ್ನು ಮುಂದೆ ಈ ಮನೆಯಲ್ಲಿ ಅಳತೆ ಅಂತ ಏನೇ ಇದ್ದರೂ ಅದು ನನ್ನ ಖಾತೆ!"

ಸಿಂಹಾಸನ ಇಲ್ಲದ ಕಾರಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ನಾನು ಹೀಗೆ ಘೋಷಿಸಿದಾಗ ಹೆಂಡತಿಗೆ ಎಂಟು ತಿಂಗಳು. ಬರಲಿರುವ ಮಹಾಪ್ರಭುಗಳಿಗೆ ಪುಟ್ಟದೊಂದು ಮಂಚ ಮಾಡಿಸಬೇಕಿತ್ತು. ಅವಳ ಆಸೆ ಒಂದೇ: ಮಲಗಿದಲ್ಲಿಂದಲೇ ಕೈ ಚಾಚಿದರೆ ಮಗು ಸಿಗಬೇಕು. ಹಾಗೆ ಸಿಗುವ ಜಾಗ ನಮ್ಮ ಕೋಣೆಯಲ್ಲಿ ಇದ್ದದ್ದೂ ಒಂದೇ, ಕಿಟಕಿ ಗೋಡೆಗೂ ಬೀರುವಿಗೂ ನಡುವೆ.

"ಬಡಗಿ ತಾನೇ ಬಂದು ಅಳತೆ ತಗೊಂಡು ಹೋಗ್ತೀನಿ ಅಂದ್ರಲ್ಲಾ?" ಅಂದಳು.

"ನನ್ನ ಮಗುವಿನ ಮಂಚಕ್ಕೆ ಹೊರಗಿನವರ ಅಳತೆಯೇ? ಕೊಡು ಟೇಪು!"

ಅದು ನನ್ನ ಮಾವನ ಟೇಪು. ಎಳೆದರೆ ಹೊರಗೆ ಬಂದು, ಬಿಟ್ಟರೆ ಸರ್ರನೆ ಡಬ್ಬಿಯೊಳಗೆ ಓಡುವ ಉಕ್ಕಿನ ಪಟ್ಟಿ. ಅವರು ವರ್ಷಗಟ್ಟಲೆ ಬಳಸಿದ್ದರೂ ಒಂದಂಕಿ ಮಾಸಿರಲಿಲ್ಲ. ತವರಿನಿಂದ ಅದನ್ನು ಹೆಂಡತಿ ಕೇಳಿ ತಂದಿದ್ದಳು. ಮನೆಯಲ್ಲಿ ಅದಕ್ಕೆ ನನಗಿಂತ ಒಂದು ತೂಕ ಹೆಚ್ಚು ಮರ್ಯಾದೆ.

"ರೀ, ದಬಕ್ಕಂತ ಬಿಡಬೇಡಿ. ಬೆರಳಿಟ್ಟು ನಿಧಾನಕ್ಕೆ ಒಳಗೆ ಬಿಡಿ. ಒದ್ದೆಯಾದ್ರೆ ಒರೆಸಿ."

"ಇದೇನು ಟೇಪೋ, ಹಸುಗೂಸೋ?"

"ಎರಡಕ್ಕೂ ಅಭ್ಯಾಸ ಆಗ್ಲಿ ಅಂತ!"

ಪಟ್ಟಿ ಎಳೆದೆ. ತುದಿಯ ಕೊಕ್ಕೆ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು! "ನಿಮ್ಮಪ್ಪನ ಟೇಪಿಗೆ ವಯಸ್ಸಾಯ್ತು ಕಣೇ!"

"ಅದು ಅಲ್ಲಾಡಲೇಬೇಕಂತೆ. ಗೋಡೆಗೆ ಒತ್ತಿ ಅಳೆದ್ರೂ, ಅಂಚಿಗೆ ಸಿಕ್ಕಿಸಿ ಎಳೆದ್ರೂ ಲೆಕ್ಕ ಒಂದೇ ಬರ್ಲಿ ಅಂತ. ಅಪ್ಪ ಹೇಳ್ತಿದ್ರು."

ಮಾವ ಏನು ಬೇಕಾದರೂ ಹೇಳಲಿ, ಅಳತೆ ಖಾತೆ ನನ್ನದಲ್ಲವೇ! ಅವಳು ಅಡುಗೆಮನೆಗೆ ಹೋದದ್ದೇ ತಡ, ಕೊಕ್ಕೆಯನ್ನು ಬಿಗಿ ಮಾಡಲು ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು ಕೊಟ್ಟೆ. ಕೊಕ್ಕೆ ನಮ್ಮ ಮಂಚದ ಅಡಿಗೆ ಹಾರಿತು. ಹಿಡಿದಿಡಲು ಯಾರೂ ಇಲ್ಲದ ಪಟ್ಟಿ ಸುಂಯ್ ಎಂದು ಡಬ್ಬಿಯೊಳಗೆ ನುಗ್ಗಿ ಮಾಯ! ಡಬ್ಬಿ ಬಿಚ್ಚಿದೆ. ಒಳಗಿದ್ದ ಸ್ಪ್ರಿಂಗು ನನ್ನ ಮೂಗಿಗೇ ಬಂತು. ಹೇಗೋ ಅದನ್ನು ಒಳಗೆ ತುರುಕಿ, ಪಟ್ಟಿ ಮತ್ತೆ ಪರಾರಿಯಾಗದಂತೆ ಕೊಕ್ಕೆ ಇದ್ದ ತೂತಿಗೆ ಹೆಂಡತಿಯದೇ ಒಂದು ಹೇರ್‌ಪಿನ್ನು ಸಿಕ್ಕಿಸಿದೆ.

ಕೊಕ್ಕೆಯಿಲ್ಲದ ತುದಿಯಿಂದ ಅಳೆಯುವುದು ಹೇಗೆ? ಬುದ್ಧಿ ಓಡಿಸಿದೆ: ಸೊನ್ನೆಯ ಬದಲು ಹತ್ತರ ಗೆರೆಯನ್ನು ಗೋಡೆಗೆ ತಾಗಿಸುವುದು, ಕೊನೆಗೆ ಹತ್ತು ಕಳೆಯುವುದು. ಆಹಾ, ಏನು ತಲೆ!

"ಎಷ್ಟು ಬಂತೂ?" ಒಳಗಿನಿಂದ ಕೂಗು. "ಬಡಗಿ ಫೋನಲ್ಲಿದ್ದಾರೆ!"

ನಾನು ಟೇಪನ್ನು ಬೆನ್ನ ಹಿಂದೆ ಬಚ್ಚಿಡುವ ಗಡಿಬಿಡಿಯಲ್ಲಿದ್ದೆ. "ನೂರ ಮೂವತ್ತು! ಕರಾರುವಾಕ್ಕು!"

ಮಂಚ ಬಂತು. ನುಣ್ಣಗೆ, ಅಂದವಾಗಿ, ನೂರ ಮೂವತ್ತು ಸೆಂಟಿಮೀಟರಿಗೆ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಜಾಗ ಮಾತ್ರ ನೂರ ಇಪ್ಪತ್ತು.

"ಚಳಿಗೆ ಗೋಡೆ ಸ್ವಲ್ಪ ಮುದುಡಿರಬೇಕು," ಅಂದೆ. ಬಡಗಿ ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಗೋಡೆಯೇ ವಾಸಿ ಅನ್ನಿಸಿರಬೇಕು, ಮತ್ತೆ ಅದನ್ನೇ ನೋಡಿದರು.

ಹೆಂಡತಿ ಸದ್ದಿಲ್ಲದೆ ಹೋಗಿ ಟೇಪು ತಂದಳು.

"ನನ್ನ ಹೇರ್‌ಪಿನ್ನು ಇಲ್ಲೇನ್ ಮಾಡ್ತಿದೆ?"

ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ನಮ್ಮ ಮಂಚದ ಮೇಲೆ ಕುಳಿತುಬಿಟ್ಟಳು. ಭುಜ ನಡುಗುತ್ತಿತ್ತು. ಅಯ್ಯೋ, ಅಳಿಸಿಬಿಟ್ಟೆನಲ್ಲಾ ಎಂದು ಹತ್ತಿರ ಹೋಗಿ ಬಗ್ಗಿ ನೋಡಿದರೆ, ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು.

"ನೋಡಿ, ಒಳಗಿರೋದೂ ಒದೀತಾ ಇದೆ," ಎಂದು ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒದೆತ ನನಗೇ ಎಂಬುದರಲ್ಲಿ ಸಂಶಯವಿರಲಿಲ್ಲ.

ಬಡಗಿಯೂ ನಾನೂ ಸೇರಿ ಬೀರುವನ್ನು ಬಾಗಿಲ ಕಡೆ ನೂಕಿದೆವು. ಮಂಚ ಅವಳ ಕೈಗೆಟಕುವಲ್ಲೇ ಕುಳಿತಿತು. ಈಗ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಮನೆಯ ಯಜಮಾನರು ಏಡಿಯಂತೆ ಅಡ್ಡಡ್ಡ ನಡೆದು ಶಯನಗೃಹ ಪ್ರವೇಶಿಸುತ್ತಾರೆ. ಮಾವನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಹೋಗ್ಲಿ ಬಿಡಿ, ಮಗೂನಾದ್ರೂ ಸುತ್ತಿಗೆಯಿಂದ ದೂರ ಇಡಿ," ಅಂದರು.

ಮಗಳು ಹುಟ್ಟಿದಳು. ನರ್ಸಮ್ಮ ಮೆತ್ತನೆಯ ಟೇಪು ಹಿಡಿದು ಅಳೆದದ್ದೇ ತಡ, ನಾನು ಹೆಂಡತಿಯ ಬಳಿ ಓಡಿದೆ.

"ಐವತ್ತು ಸೆಂಟಿಮೀಟರ್ ಕಣೇ! ಕರಾರುವಾಕ್ಕು!"

ನರ್ಸಮ್ಮ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದರು. ಸುಸ್ತಾಗಿದ್ದವಳು ಕೈ ಚಾಚಿ ಮಗಳ ಪಾದ ಮುಟ್ಟಿ, ಕಣ್ಣು ಬಿಡದೆಯೇ ಕೇಳಿದಳು:

"ಯಾರು ಅಳೆದದ್ದು?"

"ನರ್ಸಮ್ಮ."

"ಹಾಗಾದ್ರೆ ಐವತ್ತೇ ಇರುತ್ತೆ."